ಕರಿನೀರಿನಲ್ಲಿ ದೀಪ ಕೇಳಿದ ಮಹಾವೀರ

ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಗೆಳೆಯರಿಗೆಲ್ಲ ಗೊತ್ತಿರುವ ಪ್ರಶ್ನೆ ಇದು: ಸೆಲ್ಯುಲರ್ ಜೈಲು ಎಲ್ಲಿದೆ? ಪೋರ್ಟ್ ಬ್ಲೇರ್ ಎಂದು ಗುರುತು ಹಾಕಿದರೆ ಒಂದು ಅಂಕ. 2024ರಲ್ಲಿ ಆ ಊರಿಗೆ ಶ್ರೀ ವಿಜಯಪುರಂ ಎಂದು ಹೆಸರು ಬದಲಾಗಿದೆ ಎಂಬುದು ಪ್ರಚಲಿತ ವಿದ್ಯಮಾನದಲ್ಲಿ ಇನ್ನೊಂದು ಅಂಕ. ಅಲ್ಲಿಗೆ ನಮ್ಮ ಓದು ಮುಗಿದು ಮುಂದಿನ ಪ್ರಶ್ನೆಗೆ ಹೋಗುತ್ತೇವೆ. ಆ ಜೈಲಿನೊಳಗೆ ಇದ್ದವರು ಏನು ಮಾಡಿದರು, ಕೈಯಲ್ಲಿ ಏನೂ ಇಲ್ಲದವರು ಅಷ್ಟು ದೊಡ್ಡ ಸರ್ಕಾರವನ್ನು ಹೇಗೆ ಎದುರಿಸಿದರು ಎಂಬ ಪ್ರಶ್ನೆಯನ್ನು ಯಾವ ಪತ್ರಿಕೆಯಲ್ಲೂ ಕೇಳುವುದಿಲ್ಲ. ಅದಕ್ಕೆ ಉತ್ತರವಾಗಿ ಬದುಕಿದ ಒಬ್ಬರ ಕಥೆ ಇಲ್ಲಿದೆ. ಅವರ ಹೆಸರು ಮಹಾವೀರ ಸಿಂಗ್. ಭಗತ್ ಸಿಂಗ್ ಅವರ ಸಂಗಾತಿ. ಅಂಡಮಾನಿಗೆ ಹೋಗುವ ಮುನ್ನ ನಮ್ಮ ಬಳ್ಳಾರಿಯ ಜೈಲಿನಲ್ಲೂ ಇದ್ದವರು.

ಮೊದಲು ಆ ದ್ವೀಪದ ಕಥೆ ಸ್ವಲ್ಪ ತಿಳಿಯಬೇಕು. 1857ರ ದಂಗೆಯನ್ನು ಅಡಗಿಸಿದ ಮೇಲೆ ಬ್ರಿಟಿಷರಿಗೆ ಒಂದು ಸಮಸ್ಯೆ ಎದುರಾಯಿತು. ಸೆರೆ ಸಿಕ್ಕ ಸಾವಿರಾರು ಜನರನ್ನು ಇಡುವುದೆಲ್ಲಿ? 1858ರ ಮಾರ್ಚ್‌ನಲ್ಲಿ 200 ಕೈದಿಗಳನ್ನು ಹಡಗಿನಲ್ಲಿ ತುಂಬಿಕೊಂಡು ಜೆ.ಪಿ. ವಾಕರ್ ಎಂಬ ಅಧಿಕಾರಿ ಅಂಡಮಾನಿಗೆ ಬಂದಿಳಿದ. ಅಲ್ಲಿ ದಟ್ಟ ಕಾಡು ಬಿಟ್ಟರೆ ಬೇರೇನೂ ಇರಲಿಲ್ಲ. ಆ ಕಾಡನ್ನು ಕಡಿದವರು, ಜೌಗು ತುಂಬಿದವರು, ರಸ್ತೆ ಹಾಕಿದವರು, ಅಧಿಕಾರಿಗಳಿಗೆ ಬಂಗಲೆ ಕಟ್ಟಿದವರು ಎಲ್ಲರೂ ಕೈದಿಗಳೇ. ಸಮುದ್ರ ದಾಟಿದರೆ ಜಾತಿ ಕೆಡುತ್ತದೆ ಎಂಬ ನಂಬಿಕೆ ಇದ್ದ ಕಾಲ ಅದು. ಹಾಗಾಗಿ ಜನ ಈ ಶಿಕ್ಷೆಯನ್ನು ಕರಿನೀರಿನ ಶಿಕ್ಷೆ ಎಂದರು. ಹೋದವನು ಸತ್ತನೋ ಬದುಕಿದನೋ ಎಂಬುದು ಮನೆಯವರಿಗೆ ತಿಳಿಯುತ್ತಿರಲಿಲ್ಲ.

ಆ ಕೈದಿಗಳು ತಲೆ ತಗ್ಗಿಸಿ ಕೂತರು ಎಂದುಕೊಂಡರೆ ತಪ್ಪು. ಬಂದಿಳಿದ ಕೆಲವೇ ವಾರಗಳಲ್ಲಿ ಗುಂಪು ಗುಂಪಾಗಿ ಕಾಡಿಗೆ ಓಡಿಹೋದರು. ಸುತ್ತಲೂ ಕಡಲು, ಒಳಗೆ ಬಾಣ ಹಿಡಿದ ಮೂಲ ನಿವಾಸಿಗಳು. ಓಡಿ ಹೋಗುವುದಾದರೂ ಎಲ್ಲಿಗೆ? ಆದರೂ ಓಡಿದರು. ಮರಳಿ ಸಿಕ್ಕಿಬಿದ್ದವರಲ್ಲಿ 80ಕ್ಕೂ ಹೆಚ್ಚು ಮಂದಿಯನ್ನು ವಾಕರ್ ಗಲ್ಲಿಗೇರಿಸಿದ. 1872ರ ಫೆಬ್ರವರಿ 8ರಂದು ಶೇರ್ ಅಲಿ ಎಂಬ ಪಠಾಣ ಕೈದಿ, ದ್ವೀಪ ನೋಡಲು ಬಂದಿದ್ದ ವೈಸರಾಯ್ ಲಾರ್ಡ್ ಮೇಯೋನನ್ನೇ ಇರಿದು ಕೊಂದ. ಸಂದರ್ಶನಕ್ಕೆಂದು ಬೆಂಗಳೂರಿಗೆ ಹೋದಾಗ ಎಂ.ಜಿ. ರಸ್ತೆಯ ಕೊನೆಯಲ್ಲಿ ಮೇಯೋ ಹಾಲ್ ನೋಡಿರುತ್ತೀರಿ. ಅದು ಇದೇ ಮೇಯೋನ ನೆನಪಿನ ಕಟ್ಟಡ.

ನಾನು ಇಂಜಿನಿಯರಿಂಗ್ ವಿದ್ಯಾರ್ಥಿ. ಹಾಗಾಗಿ ಸೆಲ್ಯುಲರ್ ಜೈಲಿನ ನಕ್ಷೆ ನೋಡಿದಾಗ ನನ್ನ ಕಣ್ಣು ಹೋದದ್ದು ಅದರ ವಿನ್ಯಾಸದ ಕಡೆಗೆ. 1896ರಲ್ಲಿ ಶುರುವಾದ ಕಟ್ಟಡ 1906ರಲ್ಲಿ ಮುಗಿಯಿತು. ಕಟ್ಟಿದವರು ಮತ್ತೆ ಕೈದಿಗಳೇ. ತಮ್ಮ ಸೆರೆಯನ್ನು ತಾವೇ ಇಟ್ಟಿಗೆ ಇಟ್ಟಿಗೆ ಜೋಡಿಸಿ ಕಟ್ಟಿದರು. ನಡುವೆ ಒಂದು ಗೋಪುರ. ಗಾಡಿಯ ಚಕ್ರದ ಅರೆಗಳಂತೆ ಅದರಿಂದ ಹೊರಟ ಏಳು ಸಾಲುಗಳು, ಒಂದೊಂದೂ ಮೂರು ಅಂತಸ್ತು. ಎಲ್ಲ ಸೇರಿ 690ಕ್ಕೂ ಹೆಚ್ಚು ಕೋಣೆಗಳು. ಒಂದು ಸಾಲಿನ ಮುಂಭಾಗ ಇನ್ನೊಂದು ಸಾಲಿನ ಬೆನ್ನನ್ನು ನೋಡುತ್ತದೆ. ಅಂದರೆ ಯಾವ ಕೈದಿಯೂ ಇನ್ನೊಬ್ಬ ಕೈದಿಯ ಮುಖ ನೋಡಲಾರ. ಗೋಪುರದಲ್ಲಿ ನಿಂತ ಕೆಲವೇ ಕಾವಲುಗಾರರು ಇಡೀ ಜೈಲನ್ನು ಕಾಯಬಲ್ಲರು. ಕೋಣೆ ಸುಮಾರು 13.5 ಅಡಿ ಉದ್ದ, 7 ಅಡಿ ಅಗಲ. ಕೈಗೆಟುಕದ ಎತ್ತರದಲ್ಲಿ ಒಂದು ಚಿಕ್ಕ ಗವಾಕ್ಷಿ. ಬಾಗಿಲಿನ ಅಗುಳಿಯನ್ನು ಹೊರಗೋಡೆಯ ಗೂಡಿನೊಳಗೆ ದೂರ ಇಟ್ಟಿದ್ದರು, ಒಳಗಿನಿಂದ ಕೈ ಚಾಚಿದರೂ ಸಿಗಬಾರದೆಂದು. ಇಂಜಿನಿಯರಿಂಗ್ ಜ್ಞಾನವನ್ನು ಮನುಷ್ಯನನ್ನು ಒಂಟಿ ಮಾಡುವುದಕ್ಕೂ ಬಳಸಬಹುದು ಎಂಬುದಕ್ಕೆ ಇದಕ್ಕಿಂತ ಉದಾಹರಣೆ ಬೇಕಿಲ್ಲ.

ಒಳಗೆ ಕೆಲಸ ಏನು? ತೆಂಗಿನ ನಾರು ಬಡಿಯುವುದು, ಹಗ್ಗ ಹೊಸೆಯುವುದು, ಗಾಣ ತಿರುಗಿಸುವುದು. ಈಗ ಮರದ ಗಾಣದ ಎಣ್ಣೆ ಎಂದು ಮೈಸೂರಿನಲ್ಲಿ ಅಂಗಡಿಗಳಿವೆ. ನಮ್ಮ ಹಿರಿಯರ ಕಾಲದಲ್ಲಿ ಗಾಣಕ್ಕೆ ಎತ್ತು ಕಟ್ಟುತ್ತಿದ್ದರು. ಅಲ್ಲಿ ಎತ್ತಿನ ಜಾಗಕ್ಕೆ ಮನುಷ್ಯರನ್ನು ಕಟ್ಟಿದರು. ದಿನಕ್ಕೆ 30 ಪೌಂಡ್ ಕೊಬ್ಬರಿ ಎಣ್ಣೆ ತೆಗೆಯಬೇಕು. ಕಡಿಮೆ ಬಿದ್ದರೆ ಏಟು, ಕೈಕೋಳ, ಉಪವಾಸ. ಈ ಹಿಂಸೆ ತಾಳಲಾರದೆ 1912ರಲ್ಲಿ ಬಂಗಾಳದ ಇಂದುಭೂಷಣ್ ರಾಯ್ ತಮ್ಮ ಕೋಣೆಯಲ್ಲೇ ಪ್ರಾಣ ಕಳೆದುಕೊಂಡರು. ಆಮೇಲಿನ ವರ್ಷಗಳಲ್ಲಿ ಕೈದಿಗಳು ಕೆಲಸಕ್ಕೆ ಕೈ ಹಚ್ಚುವುದಿಲ್ಲ ಎಂದು ಮುಷ್ಕರ ಹೂಡಿದರು. ಗದರ್ ಪಕ್ಷದ ಭಾನ್ ಸಿಂಗ್, ರಾಮ್ ರಖಾ ಅಲ್ಲೇ ಸತ್ತರು. ರಾಜಕೀಯ ಕೈದಿಗಳನ್ನು ಅಲ್ಲಿಗೆ ಕಳಿಸುವುದು ಕೆಲವು ವರ್ಷ ನಿಂತಿತ್ತು. 1932ರಲ್ಲಿ ಮತ್ತೆ ಶುರುವಾಯಿತು. ಆ ಎರಡನೇ ಸುತ್ತಿನಲ್ಲಿ ಹೋದವರು ಮಹಾವೀರ ಸಿಂಗ್.

ಅವರು ಹುಟ್ಟಿದ್ದು 1904ರ ಸೆಪ್ಟೆಂಬರ್ 16ರಂದು, ಉತ್ತರ ಪ್ರದೇಶದ ಆಗಿನ ಏಟಾ ಜಿಲ್ಲೆಯ ಶಾಹಪುರ ಟಹಲಾ ಎಂಬ ಹಳ್ಳಿಯಲ್ಲಿ. ತಂದೆ ದೇವಿ ಸಿಂಗ್. ಮಹಾವೀರರ ಬಾಲ್ಯದ ಒಂದು ಘಟನೆಯನ್ನು ಅವರ ಬಗ್ಗೆ ಬರೆದವರೆಲ್ಲ ಹೇಳುತ್ತಾರೆ. ಹತ್ತಿರದ ಕಾಸ್‌ಗಂಜ್ ಪಟ್ಟಣದಲ್ಲಿ ಅಧಿಕಾರಿಗಳು ಸರ್ಕಾರಕ್ಕೆ ನಿಷ್ಠೆ ತೋರಿಸಲು ಒಂದು ಸಭೆ ಕರೆದಿದ್ದರು. ಶಾಲೆಯ ಹುಡುಗರನ್ನೂ ಸಾಲಾಗಿ ಕರೆತಂದು ಕೂರಿಸಿದ್ದರು. ಭಾಷಣದ ನಡುವೆ ಹುಡುಗ ಮಹಾವೀರ ಎದ್ದು ಗಾಂಧೀಜಿಗೆ ಜಯಕಾರ ಕೂಗಿದ. ಉಳಿದ ಹುಡುಗರೂ ದನಿಗೂಡಿಸಿದರು. ಸಭೆ ಅಲ್ಲಿಗೆ ಕೆಟ್ಟಿತು.

1925ರಲ್ಲಿ ಅವರು ಕಾನ್ಪುರದ ಡಿ.ಎ.ವಿ. ಕಾಲೇಜು ಸೇರಿದರು. ಆಗ ಅವರ ವಯಸ್ಸು 20ರ ಆಸುಪಾಸು, ಈಗ ನನ್ನ ವಯಸ್ಸು. ಕುಸ್ತಿ ಮಾಡಿ ಗಟ್ಟಿಯಾದ ಎತ್ತರದ ಆಳು. ಕಾನ್ಪುರದಲ್ಲಿ ಚಂದ್ರಶೇಖರ ಆಜಾದರ ಗುಂಪಿನ ಪರಿಚಯವಾಯಿತು. ಆ ಗುಂಪೇ 1928ರಲ್ಲಿ ಹಿಂದೂಸ್ತಾನ್ ಸೋಷಿಯಲಿಸ್ಟ್ ರಿಪಬ್ಲಿಕನ್ ಅಸೋಸಿಯೇಷನ್ ಎಂದು ಹೆಸರು ಬದಲಿಸಿಕೊಂಡಿತು. ಭಗತ್ ಸಿಂಗ್, ಶಿವ ವರ್ಮಾ, ವಿಜಯಕುಮಾರ್ ಸಿನ್ಹಾ ಎಲ್ಲರೂ ಇದ್ದ ಸಂಘಟನೆ. ಇತ್ತ ಮನೆಯಲ್ಲಿ ಮಗನಿಗೆ ಮದುವೆಯ ಮಾತು ಎತ್ತಿದರು. ಮಹಾವೀರ ತಂದೆಗೆ ಕಾಗದ ಬರೆದು, ತಾನು ದೇಶದ ಕೆಲಸಕ್ಕೆ ಹೊರಟಿದ್ದೇನೆ, ಮದುವೆ ಬೇಡ ಎಂದು ತಿಳಿಸಿದರು. ಅಪ್ಪ ಬೈಯಲಿಲ್ಲ. ನೀನು ಹಿಡಿದ ದಾರಿ ನನಗೆ ಹೆಮ್ಮೆ ತಂದಿದೆ, ಹಿಂದೆ ನೋಡಬೇಡ ಎಂಬ ಅರ್ಥದ ಉತ್ತರ ಬರೆದರು. ಕೆಲಸ ಯಾವಾಗ ಸಿಗುತ್ತದೆ, ಮದುವೆ ಯಾವಾಗ ಎಂಬ ಪ್ರಶ್ನೆಗಳ ನಡುವೆ ಓದುವ ನಮಗೆ ಅಂಥ ಅಪ್ಪನ ಕಾಗದದ ಬೆಲೆ ಅರ್ಥವಾಗುತ್ತದೆ.

1928ರ ಡಿಸೆಂಬರ್‌ನಲ್ಲಿ ಲಾಹೋರಿನಲ್ಲಿ ಸ್ಯಾಂಡರ್ಸ್ ಎಂಬ ಪೊಲೀಸ್ ಅಧಿಕಾರಿಯ ಹತ್ಯೆಯಾಯಿತು. 1929ರ ಏಪ್ರಿಲ್ 8ರಂದು ಭಗತ್ ಸಿಂಗ್ ಮತ್ತು ಬಟುಕೇಶ್ವರ ದತ್ತ ದೆಹಲಿಯ ಶಾಸನಸಭೆಯಲ್ಲಿ ಬಾಂಬ್ ಎಸೆದು ತಾವಾಗಿಯೇ ಸಿಕ್ಕಿಬಿದ್ದರು. ಅದರ ಬೆನ್ನಿಗೇ ಗುಂಪಿನ ಬಹುತೇಕ ಎಲ್ಲರನ್ನೂ ಹಿಡಿದರು. ಮಹಾವೀರ ಸಿಂಗ್ ಲಾಹೋರ್ ಪಿತೂರಿ ಮೊಕದ್ದಮೆಯ ಆರೋಪಿಗಳಲ್ಲಿ ಒಬ್ಬರಾದರು.

ಜೈಲಿನಲ್ಲಿ ಅವರ ನಿಜವಾದ ಹೋರಾಟ ಶುರುವಾಯಿತು. ಯುರೋಪಿನ ಕೈದಿಗಳಿಗೆ ಒಳ್ಳೆಯ ಊಟ, ಭಾರತದ ರಾಜಕೀಯ ಕೈದಿಗಳಿಗೆ ಹುಳು ಬಿದ್ದ ಊಟ. ಓದಲು ಪುಸ್ತಕ, ಪತ್ರಿಕೆ ಇಲ್ಲ. ಇದರ ವಿರುದ್ಧ 1929ರ ಜೂನ್‌ನಲ್ಲಿ ಭಗತ್ ಸಿಂಗ್ ಮತ್ತು ದತ್ತ ಉಪವಾಸ ಆರಂಭಿಸಿದರು. ಜುಲೈನಲ್ಲಿ ಉಳಿದ ಸಂಗಾತಿಗಳೂ ಸೇರಿಕೊಂಡರು. ಜೈಲಿನವರು ಕುಡಿಯುವ ನೀರಿನ ಮಡಕೆಗಳನ್ನು ತೆಗೆದು ಹಾಲು ತುಂಬಿದ ಮಡಕೆ ಇಟ್ಟರು. ಬಾಯಾರಿಕೆಯಿಂದ ಸೋತು ಹಾಲು ಕುಡಿಯಲಿ ಎಂಬುದು ಲೆಕ್ಕ. ಅದೂ ಫಲಿಸದಾಗ ಮೂಗಿನೊಳಗೆ ರಬ್ಬರ್ ಕೊಳವೆ ತೂರಿಸಿ ಹಾಲು ಸುರಿಯತೊಡಗಿದರು. ಕೊಳವೆ ಇಳಿಯದಿರಲಿ ಎಂದು ಒಬ್ಬ ಸಂಗಾತಿ ಕೆಂಪು ಮೆಣಸಿನಕಾಯಿ ನುಂಗಿ, ಕುದಿಯುವ ನೀರು ಕುಡಿದು ಗಂಟಲು ಊದಿಸಿಕೊಂಡರು. ಪೈಲ್ವಾನನಾದ ಮಹಾವೀರರನ್ನು ನೆಲಕ್ಕೆ ಒತ್ತಿ ಹಿಡಿಯಲು ಪ್ರತಿದಿನವೂ ಹಲವು ಸಿಬ್ಬಂದಿ ಸೇರಬೇಕಾಗುತ್ತಿತ್ತು. ಸೆಪ್ಟೆಂಬರ್ 13ರಂದು, ಉಪವಾಸದ 63ನೇ ದಿನ, ಜತೀಂದ್ರನಾಥ ದಾಸ್ ತೀರಿಕೊಂಡರು. ಬಲವಂತವಾಗಿ ಸುರಿದ ಹಾಲು ಶ್ವಾಸಕೋಶಕ್ಕೆ ಹೋದದ್ದೇ ಅವರ ಆರೋಗ್ಯ ಕೆಡಲು ಕಾರಣ. ಈ ಸಾವನ್ನು ಮಹಾವೀರ ಪಕ್ಕದಲ್ಲೇ ಇದ್ದು ಕಂಡರು. ಕೊಳವೆಯ ಅಪಾಯ ಏನೆಂಬುದು ಅವರಿಗೆ ಅಂದೇ ಗೊತ್ತಾಗಿತ್ತು. ಮುಂದಿನ ಕಥೆ ಓದುವಾಗ ಇದನ್ನು ಮರೆಯಬಾರದು.

ಮೊಕದ್ದಮೆ ಬೇಗ ಮುಗಿಸಲೆಂದು ವೈಸರಾಯ್ ಇರ್ವಿನ್ 1930ರ ಮೇ 1ರಂದು ಸುಗ್ರೀವಾಜ್ಞೆ ಹೊರಡಿಸಿ ಮೂವರು ನ್ಯಾಯಾಧೀಶರ ವಿಶೇಷ ನ್ಯಾಯಮಂಡಳಿ ರಚಿಸಿದ. ಅದರ ತೀರ್ಪಿನ ಮೇಲೆ ಹೈಕೋರ್ಟಿಗೆ ಮೇಲ್ಮನವಿ ಇಲ್ಲ. ಮಹಾವೀರ ಸಿಂಗ್, ಬಟುಕೇಶ್ವರ ದತ್ತ, ಡಾ. ಗಯಾ ಪ್ರಸಾದ್, ಕುಂದನ್ ಲಾಲ್, ಜತೀಂದ್ರನಾಥ ಸನ್ಯಾಲ್ ಈ ಐವರು ಇಂಥ ನಾಟಕದಲ್ಲಿ ತಾವು ಪಾಲುಗೊಳ್ಳುವುದಿಲ್ಲ ಎಂದು ಲಿಖಿತ ಹೇಳಿಕೆ ಕೊಟ್ಟರು. ಅದೇ ಮೇ 12ರಂದು ಕೋಳ ತೊಟ್ಟ ಆರೋಪಿಗಳನ್ನು ನ್ಯಾಯಾಲಯದೊಳಗೇ ಪೊಲೀಸರು ಥಳಿಸಿದರು. ಅಕ್ಟೋಬರ್ 7ರಂದು ತೀರ್ಪು ಬಂತು. ಭಗತ್ ಸಿಂಗ್, ರಾಜಗುರು, ಸುಖದೇವ್ ಅವರಿಗೆ ಗಲ್ಲು. ಮಹಾವೀರ ಸಿಂಗ್ ಸೇರಿ ಏಳು ಮಂದಿಗೆ ಜೀವಾವಧಿ ಗಡೀಪಾರು.

ಇಲ್ಲಿಂದ ಕಥೆ ನಮ್ಮ ನೆಲಕ್ಕೆ ಬರುತ್ತದೆ. ಮುಲ್ತಾನ್ ಜೈಲಿನಿಂದ ಮಹಾವೀರ ಸಿಂಗ್ ಮತ್ತು ಗಯಾ ಪ್ರಸಾದ್ ಇಬ್ಬರನ್ನೂ ಬಳ್ಳಾರಿ ಕೇಂದ್ರ ಕಾರಾಗೃಹಕ್ಕೆ ತಂದರು. ಬಳ್ಳಾರಿ ಆಗ ಮದ್ರಾಸ್ ಪ್ರಾಂತ್ಯದಲ್ಲಿತ್ತು. ಮೈಸೂರು ರಾಜ್ಯಕ್ಕೆ ಸೇರಿದ್ದು 1953ರಲ್ಲಿ. ಪಂಜಾಬಿನ ಮೊಕದ್ದಮೆ, ಉತ್ತರ ಪ್ರದೇಶದ ಹುಡುಗ, ಕನ್ನಡ ತೆಲುಗಿನ ಊರಿನ ಜೈಲು. ಸಂಗಾತಿಗಳನ್ನು ಒಡೆದು ದೂರ ದೂರ ಹಾಕಿದರೆ ಮಾತಿಲ್ಲ, ಭೇಟಿಯಿಲ್ಲ, ಸುದ್ದಿಯಿಲ್ಲ. ಸೆಲ್ಯುಲರ್ ಜೈಲಿನ ಗೋಡೆಗಳು ಮಾಡುತ್ತಿದ್ದ ಕೆಲಸವನ್ನೇ ಇಲ್ಲಿ ಭಾಷೆ ಮತ್ತು ದೂರ ಮಾಡಿದವು. 1931ರ ಮಾರ್ಚ್ 23ರಂದು ಭಗತ್ ಸಿಂಗ್ ಗಲ್ಲಿಗೇರಿದರು. ಒಟ್ಟಿಗೆ ಉಪವಾಸ ಬಿದ್ದವರಿಗೆ ಕೊನೆಯ ದರ್ಶನವೂ ಸಿಗಲಿಲ್ಲ. ಭಗತ್ ಸಿಂಗ್ ಹೆಸರಿನ ವೃತ್ತ, ಸಂಘ ನಮ್ಮ ಕಡೆ ಊರೂರಲ್ಲಿವೆ. ಅವರ ಜೊತೆಗಾರನೊಬ್ಬ ಕರ್ನಾಟಕದ ಜೈಲಿನ ಅನ್ನ ತಿಂದಿದ್ದ ಎಂಬುದು ಎಷ್ಟು ಜನಕ್ಕೆ ಗೊತ್ತು?

1933ರ ಜನವರಿಯಲ್ಲಿ ಅವರನ್ನು ಅಂಡಮಾನಿಗೆ ಸಾಗಿಸಿದರು. ಚಿತ್ತಗಾಂಗ್ ಶಸ್ತ್ರಾಗಾರ ದಾಳಿಯ ಹುಡುಗರೂ ಸೇರಿದಂತೆ ಬಂಗಾಳದ ಅನೇಕ ಕ್ರಾಂತಿಕಾರಿಗಳು ಆಗಲೇ ಅಲ್ಲಿದ್ದರು. ಬಹಳಷ್ಟು ಮಂದಿ ಕಾಲೇಜು ಬಿಟ್ಟು ಬಂದವರು. ಅವರಿಗೆ ಸಿಕ್ಕಿದ್ದು ತೇವದ ಕೋಣೆ, ಬಾಯಿಗಿಡಲಾಗದ ಊಟ, ಸಂಜೆಯಾದರೆ ಪೂರ್ತಿ ಕತ್ತಲು. ದೀಪವಿಲ್ಲ, ಪುಸ್ತಕವಿಲ್ಲ, ಪತ್ರಿಕೆಯಿಲ್ಲ.

ಅವರು ಕೇಳಿದ್ದೇನು ಗೊತ್ತೇ? ಬಿಡುಗಡೆಯನ್ನಲ್ಲ. ತಿನ್ನುವಂಥ ಊಟ, ಮೈ ತೊಳೆಯಲು ಸೋಪು, ಮಲಗಲು ಹಾಸಿಗೆ, ಕೋಣೆಗೆ ದೀಪ, ಓದಲು ಪುಸ್ತಕ ಮತ್ತು ಪತ್ರಿಕೆ, ಒಬ್ಬರೊಡನೊಬ್ಬರು ಮಾತಾಡುವ ಅವಕಾಶ. ಮೊದಲು ಮನವಿ ಕೊಟ್ಟರು. ಸರ್ಕಾರ ಕಿವಿಗೆ ಹಾಕಿಕೊಳ್ಳಲಿಲ್ಲ. ಆಮೇಲೆ 1933ರ ಮೇ 12ರಂದು 30ಕ್ಕೂ ಹೆಚ್ಚು ಮಂದಿ ಉಪವಾಸ ಆರಂಭಿಸಿದರು. ಮಹಾವೀರ ಸಿಂಗ್ ಅವರಲ್ಲೊಬ್ಬರು. ಲಾಹೋರಿನ ನ್ಯಾಯಾಲಯದಲ್ಲಿ ಏಟು ತಿಂದು ಅಂದಿಗೆ ಸರಿಯಾಗಿ ಮೂರು ವರ್ಷವಾಗಿತ್ತು.

ಕೆಲವೇ ದಿನಗಳಲ್ಲಿ ಬಲವಂತದ ಆಹಾರ ಶುರುವಾಯಿತು. ಮೇ 17ರಂದು ಡಾಕ್ಟರ್ ಸಿಬ್ಬಂದಿಯೊಂದಿಗೆ ಮಹಾವೀರರ ಕೋಣೆಗೆ ಬಂದ. ಹಿಡಿಯಲು ಬಂದವರೊಂದಿಗೆ ಅವರು ಸೆಣಸಿದರು. ಕೊನೆಗೆ ನೆಲಕ್ಕೆ ಕೆಡವಿ, ಕೈಕಾಲು ಅದುಮಿ, ಮೂಗಿಗೆ ಕೊಳವೆ ತೂರಿಸಿದರು. ಮೂಗಿನಿಂದ ಇಳಿದ ಕೊಳವೆಗೆ ಗಂಟಲಲ್ಲಿ ಎರಡು ದಾರಿ. ಒಂದು ಹೊಟ್ಟೆಗೆ, ಇನ್ನೊಂದು ಉಸಿರಿಗೆ. ಸೆಣಸುತ್ತಿರುವವನ ಗಂಟಲಲ್ಲಿ ಅದು ಎಲ್ಲಿಗೆ ಹೋಯಿತೆಂದು ನೋಡುವ ತಾಳ್ಮೆ ಅಲ್ಲಿ ಯಾರಿಗೂ ಇರಲಿಲ್ಲ. ಹಾಲು ಶ್ವಾಸಕೋಶ ಸೇರಿತು. ಅದೇ ದಿನ ಮಹಾವೀರ ಸಿಂಗ್ ಪ್ರಾಣ ಬಿಟ್ಟರು. ವಯಸ್ಸು 28. ಉಪವಾಸ ಶುರುವಾಗಿ ಒಂದು ವಾರವೂ ಆಗಿರಲಿಲ್ಲ. ಅವರನ್ನು ಕೊಂದದ್ದು ಹಸಿವಲ್ಲ, ಊಟ ಹಾಕುತ್ತೇವೆಂದು ಬಂದವರು. ದೇಹಕ್ಕೆ ಕಲ್ಲು ಕಟ್ಟಿ ಸಮುದ್ರಕ್ಕೆ ಎಸೆದರು. ಅವರ ಬಳಿ ಅಪ್ಪನ ಕಾಗದವೊಂದು ಸಿಕ್ಕಿತು. ದೇಶದ ರತ್ನಗಳೆಲ್ಲ ಸೇರಿರುವ ದ್ವೀಪದಲ್ಲಿ ನೀನಿದ್ದೀಯ, ಅವರ ನಡುವೆ ನಿನ್ನ ಹೊಳಪು ಕುಂದದಿರಲಿ ಎಂಬ ಭಾವದ ಕಾಗದ ಅದು.

ಮೇ 26ರಂದು ಮೋಹನ್ ಕಿಶೋರ್ ನಮದಾಸ್, 28ರಂದು ಮೋಹಿತ್ ಮೊಯಿತ್ರ, ಇವರೂ ಇದೇ ರೀತಿ ಸತ್ತರು. ಮೂರು ಸಾವು ಕಂಡ ಮೇಲೂ ಉಪವಾಸ ನಿಲ್ಲಲಿಲ್ಲ. ಇನ್ನಷ್ಟು ಮಂದಿ ಸೇರಿಕೊಂಡರು. ಸುದ್ದಿ ಕಡಲು ದಾಟಿ ಬಂದು ಇಲ್ಲಿ ಪ್ರತಿಭಟನೆಗಳಾದವು. 46 ದಿನಗಳ ನಂತರ, ಜೂನ್ 26ರಂದು, ಬೇಡಿಕೆಗಳನ್ನು ಒಪ್ಪಿದ ಮೇಲೆ ಉಪವಾಸ ಮುಗಿಯಿತು.

ಸೋಪು, ದೀಪಕ್ಕಾಗಿ ಪ್ರಾಣ ಕೊಡುವುದೇ? ಈ ಪ್ರಶ್ನೆ ನಮ್ಮಲ್ಲಿ ಕೆಲವರಿಗಾದರೂ ಬರುತ್ತದೆ, ನನಗೂ ಬಂತು. ಅದಕ್ಕೆ ಉತ್ತರ ಮುಂದಿನ ನಾಲ್ಕು ವರ್ಷಗಳಲ್ಲಿದೆ. ಕೋಣೆಗಳಿಗೆ ದೀಪ ಬಂತು. ಪುಸ್ತಕ, ಪತ್ರಿಕೆ ಬಂದವು. ಮುಖ ನೋಡದಂತೆ ಕಟ್ಟಿದ್ದ ಆ ಜೈಲಿನಲ್ಲಿ ಕೈದಿಗಳು ಒಟ್ಟಿಗೆ ಕೂತು ತರಗತಿ ನಡೆಸಿದರು. ಇತಿಹಾಸ, ಅರ್ಥಶಾಸ್ತ್ರ, ರಾಜಕೀಯ ಕಲಿತವರು ಕಲಿಯದವರಿಗೆ ಹೇಳಿಕೊಟ್ಟರು. ಆ ಜೈಲನ್ನು ಅವರು ತಮ್ಮ ವಿಶ್ವವಿದ್ಯಾಲಯ ಮಾಡಿಕೊಂಡರು. 1935ರಲ್ಲಿ ಒಳಗೇ ಒಂದು ಕಮ್ಯುನಿಸ್ಟ್ ಗುಂಪೂ ಕಟ್ಟಿಕೊಂಡಿತು. ಲಾಹೋರ್ ಮೊಕದ್ದಮೆಯ ವಿಜಯಕುಮಾರ್ ಸಿನ್ಹಾ ಆ ದಿನಗಳ ಬಗ್ಗೆ ಮುಂದೆ ಪುಸ್ತಕವನ್ನೇ ಬರೆದರು. ಒಬ್ಬೊಬ್ಬರೇ ಕತ್ತಲಲ್ಲಿ ಕೂತಿದ್ದರೆ ಇದಾವುದೂ ಆಗುತ್ತಿರಲಿಲ್ಲ.

1937ರ ಜುಲೈನಲ್ಲಿ 200ಕ್ಕೂ ಹೆಚ್ಚು ಮಂದಿ ಮತ್ತೆ ಉಪವಾಸ ಹೂಡಿದರು. ಈ ಬಾರಿ ಬೇಡಿಕೆ ದೊಡ್ಡದು: ನಮ್ಮನ್ನು ಊರಿಗೆ ಮರಳಿಸಿ, ರಾಜಕೀಯ ಕೈದಿಗಳನ್ನು ಬಿಡುಗಡೆ ಮಾಡಿ. ದೇಶದ ಬೇರೆ ಜೈಲುಗಳಲ್ಲೂ ಬೆಂಬಲದ ಉಪವಾಸಗಳಾದವು. ಗಾಂಧೀಜಿ, ರವೀಂದ್ರನಾಥ ಠಾಕೂರರು ಉಪವಾಸ ನಿಲ್ಲಿಸುವಂತೆ ತಂತಿ ಕಳಿಸಿದರು. ಆಗಸ್ಟ್ ಕೊನೆಗೆ ಉಪವಾಸ ಮುಗಿಯಿತು. ಸೆಪ್ಟೆಂಬರ್‌ನಿಂದ ಕೈದಿಗಳನ್ನು ಕರೆತರತೊಡಗಿ, 1938ರ ಜನವರಿ ವೇಳೆಗೆ ರಾಜಕೀಯ ಕೈದಿಗಳ ಕೊನೆಯ ತಂಡವೂ ತಾಯ್ನೆಲಕ್ಕೆ ಬಂತು. 1933ರಲ್ಲಿ ದೀಪ ಕೇಳಿದವರು 1937ರಲ್ಲಿ ಊರನ್ನೇ ಕೇಳಿ ಪಡೆದರು. ಮೊದಲ ಗೆಲುವು ಇಲ್ಲದಿದ್ದರೆ ಎರಡನೆಯದರ ಧೈರ್ಯ ಎಲ್ಲಿಂದ ಬರುತ್ತಿತ್ತು?

ಹೆಸರು ಉಳಿಯದವರನ್ನೂ ಇಲ್ಲಿ ನೆನೆಯಬೇಕು. ಕಾಡು ಕಡಿದು, ಗಾಣ ತಿರುಗಿಸಿ, ಆ ಏಳು ಸಾಲುಗಳನ್ನು ಕಟ್ಟಿದ ಸಾಮಾನ್ಯ ಕೈದಿಗಳು ಸಾವಿರಾರು. ಅವರಿಗೆ ಸಂಘಟನೆ ಇರಲಿಲ್ಲ, ಪತ್ರಿಕೆಗೆ ಸುದ್ದಿ ಮುಟ್ಟಿಸುವವರಿರಲಿಲ್ಲ. ಕಾಡಿಗೆ ಓಡಿದ್ದೇ ಅವರ ಪ್ರತಿಭಟನೆ. ಮಹಾವೀರರಂಥವರಿಗೆ ಓದು ಇತ್ತು, ಜೊತೆಗಾರರಿದ್ದರು. ಅದನ್ನು ಅವರು ಎಲ್ಲರಿಗೂ ಸಲ್ಲುವ ಬೇಡಿಕೆಗೆ ಬಳಸಿದರು.

ಸರಗೂರಿನಿಂದ ಬಂದು ಹಾಸ್ಟೆಲ್‌ನಲ್ಲಿದ್ದು ಓದುವ ನನ್ನಂಥವರಿಗೆ ಇದರಲ್ಲಿ ಕಲಿಯುವುದಿದೆ. ಹಾಸ್ಟೆಲ್‌ನಲ್ಲಿ ನೀರಿಲ್ಲ, ಗ್ರಂಥಾಲಯ ಬೇಗ ಮುಚ್ಚುತ್ತದೆ, ಫಲಿತಾಂಶ ತಡವಾಗುತ್ತದೆ, ನೇಮಕಾತಿ ಪರೀಕ್ಷೆ ಮುಂದೂಡಲಾಗುತ್ತದೆ. ನಾವು ಗೊಣಗುತ್ತೇವೆ, ಒಬ್ಬೊಬ್ಬರೇ. ಅವರು ಹಾಗೆ ಮಾಡಲಿಲ್ಲ. ಬೇಕಾದದ್ದನ್ನು ಪಟ್ಟಿ ಮಾಡಿದರು, ಮೊದಲು ಮನವಿ ಕೊಟ್ಟರು, ಕಾದರು, ಆಮೇಲೆ ಎಲ್ಲರೂ ಒಂದೇ ದಿನ ನಿಂತರು. ನಮಗೆ ಪ್ರಾಣ ಕೊಡುವ ಅಗತ್ಯವಿಲ್ಲ. ಅಂಥ ಕಾಲ ಮತ್ತೆ ಬರದಿರಲಿ ಎಂದೇ ಅವರು ಹೋದದ್ದು. ಆದರೆ ಒಟ್ಟಾಗಿ, ಸ್ಪಷ್ಟವಾಗಿ, ಹೆದರದೆ ಕೇಳುವುದನ್ನಾದರೂ ಕಲಿಯಬಹುದು.

1979ರ ಫೆಬ್ರವರಿ 11ರಂದು ಸೆಲ್ಯುಲರ್ ಜೈಲನ್ನು ರಾಷ್ಟ್ರೀಯ ಸ್ಮಾರಕವೆಂದು ಘೋಷಿಸಲಾಯಿತು. ಏಳು ಸಾಲುಗಳಲ್ಲಿ ಉಳಿದಿರುವುದು ಮೂರು. ಎದುರಿನ ಉದ್ಯಾನದಲ್ಲಿ ಇಂದುಭೂಷಣ್, ಭಾನ್ ಸಿಂಗ್, ರಾಮ್ ರಖಾ, ಮೋಹಿತ್ ಮೊಯಿತ್ರ, ಮೋಹನ್ ಕಿಶೋರ್ ಅವರ ಪ್ರತಿಮೆಗಳ ಜೊತೆ ಮಹಾವೀರ ಸಿಂಗ್ ಪ್ರತಿಮೆಯೂ ಇದೆ. ಗೆಳೆಯರೇ, ಮುಂದೊಮ್ಮೆ ಕೆಲಸ ಸಿಕ್ಕಿ, ಉಳಿಸಿದ ಹಣದಲ್ಲಿ ಅಂಡಮಾನಿಗೆ ಹೋದರೆ, ಕಡಲ ದಂಡೆಯ ಫೋಟೊಗೆ ಮೊದಲು ಅಲ್ಲಿಗೆ ಹೋಗಿ. ರಾತ್ರಿ ದೀಪ ಹಚ್ಚಿಕೊಂಡು ಓದುವ ಹಕ್ಕನ್ನು ಉಸಿರು ಕೊಟ್ಟು ಗಳಿಸಿದವರು ಅಲ್ಲಿ ನಿಂತಿದ್ದಾರೆ.